ಕೈಗೆಟುಕುವ ಆಯುಧ

ಗೃಹಸ್ಥನಿಗೆ ಅಹಿಂಸೆಯನ್ನು ಬೋಧಿಸುವುದು ಸುಲಭ. ರಾತ್ರಿ ಹತ್ತು ಗಂಟೆಗೆ ಹಣದ ಚೀಲದೊಡನೆ ನಿರ್ಜನವಾದ ರಸ್ತೆಯಲ್ಲಿ ಮನೆಗೆ ಮರಳುತ್ತಿರುವ ಗೃಹಸ್ಥನಿಗೆ ಅದನ್ನು ಬೋಧಿಸುವುದು ಅಷ್ಟು ಸುಲಭವಲ್ಲ. ಆತನಿಗೆ ಸಂಸಾರವಿದೆ, ವ್ಯಾಪಾರವಿದೆ, ನಂಬಿ ಸರಕು ಕೊಟ್ಟ ರೈತರ ಬಾಕಿಯಿದೆ. ಆತನು ತನ್ನ ರಕ್ಷಣೆಗಾಗಿ ಆಯುಧವೊಂದನ್ನು ಜೊತೆಗಿರಿಸಿಕೊಂಡರೆ ಅದನ್ನು ಏನೆಂದು ಕರೆಯಬೇಕು? ಧರ್ಮವೆನ್ನಬೇಕೆ, ಅನಿವಾರ್ಯವೆನ್ನಬೇಕೆ, ದೋಷವೆನ್ನಬೇಕೆ? ಈ ಪ್ರಶ್ನೆಗೆ ಗೌನಿಪಲ್ಲಿಯ ಒಬ್ಬ ಶ್ರಾವಕರು ತಮ್ಮ ಬದುಕಿನಲ್ಲಿಯೇ ಉತ್ತರ ಹುಡುಕಬೇಕಾಯಿತು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಗೌನಿಪಲ್ಲಿಯು ಆಂಧ್ರದ ಗಡಿಗೆ ಸಮೀಪದ ಊರು. ಅಲ್ಲಿಯ ಬೀದಿಯಲ್ಲಿ ಕನ್ನಡದಷ್ಟೇ ಸಲೀಸಾಗಿ ತೆಲುಗೂ ಕೇಳಿಬರುತ್ತದೆ. ಶ್ರೀನಿವಾಸಪುರದ ಸೀಮೆಯೆಂದರೆ ಮಾವಿನ ಸೀಮೆ. ಗಿಡ ಹೂಬಿಡುವ ಹೊತ್ತಿಗೇ ತೋಪುಗಳ ಗುತ್ತಿಗೆಯ ಮಾತು ನಡೆಯುತ್ತದೆ; ಹಣ್ಣಿನ ಕಾಲದಲ್ಲಿ ಮಂಡಿಗಳು ರಾತ್ರಿಯೂ ಎಚ್ಚರವಿರುತ್ತವೆ. ಆ ಶ್ರಾವಕರದು ಬಹುಕಾಲದ ಹಿಂದೆ ವ್ಯಾಪಾರಕ್ಕೆಂದು ಬಂದು ಅಲ್ಲಿಯೇ ನೆಲೆಸಿದ ಮನೆತನ. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಪರ್ವದಿನಗಳಲ್ಲಿ ಏಕಾಶನ. ಇವು ಆ ಮನೆಯಲ್ಲಿ ತಪ್ಪಿದ್ದಿಲ್ಲ. ಮಾವಿನ ಕಾಲದ ಮೂರು ತಿಂಗಳು ಮಾತ್ರ ಯಜಮಾನರು ಮನೆ ಸೇರುವುದಕ್ಕೆ ಹೊತ್ತುಗೊತ್ತು ಇರುತ್ತಿರಲಿಲ್ಲ.

ಒಂದು ವರ್ಷ ಹೀಗೆಯೇ ತಡರಾತ್ರಿ ಶ್ರೀನಿವಾಸಪುರದಿಂದ ಮರಳುವಾಗ ಎರಡು ಮೋಟಾರು ಸೈಕಲ್ಲುಗಳು ಅವರ ಕಾರನ್ನು ಬಹುದೂರ ಹಿಂಬಾಲಿಸಿದವು. ಊರಿನ ದೀಪಗಳು ಕಂಡೊಡನೆ ಅವು ಹಿಂದೆ ಉಳಿದವು. ಅವರು ಕಳ್ಳರೋ, ತಮ್ಮ ಪಾಡಿಗೆ ಹೋಗುತ್ತಿದ್ದ ಹುಡುಗರೋ ತಿಳಿಯಲಿಲ್ಲ. ಆದರೆ ಆ ರಾತ್ರಿ ಹುಟ್ಟಿದ ಭಯ ಹೋಗಲಿಲ್ಲ. ಕೆಲವು ತಿಂಗಳ ಬಳಿಕ ಅವರು ಜಿಲ್ಲಾಡಳಿತಕ್ಕೆ ಅರ್ಜಿ ಸಲ್ಲಿಸಿ, ಪೊಲೀಸು ವಿಚಾರಣೆ ಮುಗಿದು, ಪರವಾನಗಿ ಪಡೆದು, ಆರು ಗುಂಡುಗಳ ಒಂದು .32 ರಿವಾಲ್ವರನ್ನು ಕೊಂಡರು.

ಕೊಳ್ಳುವ ಮುನ್ನ ಅವರು ಶಾಸ್ತ್ರದ ಮಾತನ್ನೂ ಯೋಚಿಸಿದ್ದರು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಸಂಕಲ್ಪಪೂರ್ವಕವಾದ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಬೇಕೆಂದೂ, ಉಳಿದವುಗಳನ್ನು ಶಕ್ತಿಮೀರಿ ಕಡಿಮೆ ಮಾಡಿಕೊಳ್ಳಬೇಕೆಂದೂ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಆಕ್ರಮಣವನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ. ಅದಕ್ಕೆ ಗೃಹಸ್ಥನ ನೆಲೆಯಲ್ಲಿ ಅವಕಾಶವುಂಟು. ಕೋಲಾರವೇ ಒಂದು ಕಾಲಕ್ಕೆ ಜೈನಧರ್ಮಕ್ಕೆ ಆಶ್ರಯವಿತ್ತ ಗಂಗರ ರಾಜಧಾನಿಯಾಗಿದ್ದ ಕುವಲಾಲಪುರ. ರಾಜಧಾನಿ ತಲಕಾಡಿಗೆ ಹೋದ ಮೇಲೆಯೂ ಗಂಗ ಅರಸರು ‘ಕುವಲಾಲಪುರವರೇಶ್ವರ’ ಎಂಬ ಬಿರುದನ್ನು ಬಿಡಲಿಲ್ಲ. ಆ ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ‘ಸಮರಧುರಂಧರ’ನೆನಿಸಿದ್ದವನು; ಗೊಮ್ಮಟೇಶ್ವರನ ಮೂರ್ತಿಯನ್ನು ನಿಲ್ಲಿಸಿದವನೂ ಅವನೇ. ಖಡ್ಗ ಹಿಡಿದ ಶ್ರಾವಕನ ದೃಷ್ಟಾಂತ ಇಷ್ಟು ಹತ್ತಿರದಲ್ಲಿರುವಾಗ ತಮ್ಮದು ತಪ್ಪಲ್ಲವೆಂದು ಅವರು ಸಮಾಧಾನ ತಂದುಕೊಂಡರು.

ತೊಡಕು ಆರಂಭವಾದದ್ದು ಕಾರಿನೊಳಗೆ. ಆಯುಧವನ್ನು ಎಲ್ಲಿಡಬೇಕು ಎಂಬ ಸಣ್ಣ ಪ್ರಶ್ನೆ ಅದು.

ಮೊದಲು ಅವರು ಅದನ್ನು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಇಟ್ಟರು. ಬೀಗ ಹಾಕಿದರೆ ಸುರಕ್ಷಿತ. ಆದರೆ ಚಾಲಕನ ಸ್ಥಾನದಿಂದ ಬಾಗಿ, ಬೀಗ ತೆಗೆದು, ಕಾಗದಪತ್ರಗಳ ನಡುವೆ ತಡಕಾಡುವಷ್ಟರಲ್ಲಿ ಆಗಬೇಕಾದದ್ದು ಆಗಿಹೋಗುತ್ತದೆ. ಬೀಗ ಹಾಕದಿದ್ದರೆ ಕೈಗೆ ಬೇಗ ಸಿಗುತ್ತದೆ. ಎಲ್ಲರ ಕೈಗೂ ಬೇಗ ಸಿಗುತ್ತದೆ. ಆಮೇಲೆ ಆಸನದ ಕೆಳಗೆ ಇಟ್ಟುಕೊಂಡರು. ಒಂದು ಸಂಜೆ ತಿರುವಿನಲ್ಲಿ ಎಮ್ಮೆಗಳ ಹಿಂಡು ಅಡ್ಡ ಬಂದು ಬ್ರೇಕು ಒತ್ತಿದಾಗ ರಿವಾಲ್ವರು ಒರೆಸಹಿತ ಜಾರಿ ಅವರ ಪಾದದ ಬಳಿಗೆ ಬಂದು ನಿಂತಿತು. ಇನ್ನೊಂದು ಅಂಗುಲ ಸರಿದಿದ್ದರೆ ಅದು ಬ್ರೇಕಿನ ಪೆಡಲಿನ ಅಡಿಗೆ ಸಿಕ್ಕುತ್ತಿತ್ತು. ಪ್ರಾಣ ಉಳಿಸಲೆಂದು ತಂದ ವಸ್ತುವಿನಿಂದ, ಒಂದು ಗುಂಡೂ ಹಾರದೆ, ಕಾರಿನಲ್ಲಿದ್ದವರ ಪ್ರಾಣಕ್ಕೂ ಎಮ್ಮೆ ಕಾಯುವ ಹುಡುಗನ ಪ್ರಾಣಕ್ಕೂ ಅಪಾಯ ಒದಗುತ್ತಿತ್ತು.

ಅನಂತರ ಅವರು ಸೊಂಟಕ್ಕೆ ಕಟ್ಟಿಕೊಳ್ಳತೊಡಗಿದರು. ಬಲ್ಲವರು ಹೇಳುವುದೂ ಇದನ್ನೇ. ವಾಹನದಲ್ಲಿ ಅಲ್ಲಿ ಇಲ್ಲಿ ಇಟ್ಟ ಆಯುಧಕ್ಕಿಂತ, ಟ್ರಿಗರನ್ನು ಪೂರ್ಣವಾಗಿ ಮುಚ್ಚುವ ಗಟ್ಟಿಯಾದ ಒರೆಯಲ್ಲಿ ಮೈಮೇಲೆ ಧರಿಸಿದ ಆಯುಧವು ಹೆಚ್ಚು ಹಿಡಿತದಲ್ಲಿರುತ್ತದೆ; ಇಳಿದಾಗ ಕಾರಿನಲ್ಲಿ ಉಳಿದುಹೋಗುವುದಿಲ್ಲ. 2016ರ ಆಯುಧ ನಿಯಮಗಳ ಆಶಯವೂ ಇದೇ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒರೆಯಲ್ಲಿರಬೇಕು, ಹೊರಗೆ ಕಾಣದಂತೆ ಮುಚ್ಚಿರಬೇಕು, ಒಯ್ಯುವವನ ಹಿಡಿತದಲ್ಲಿರಬೇಕು. ಆದರೆ ಆಸನದ ಬೆಲ್ಟು ಬಿಗಿದುಕೊಂಡು ಕುಳಿತವನಿಗೆ ಸೊಂಟದ ಒರೆಯು ಬೆಲ್ಟಿನ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಬೆಲ್ಟು ಬಿಟ್ಟು ಓಡಿಸಿದರೆ ದರೋಡೆಗಿಂತ ಎಷ್ಟೋ ಪಾಲು ಸಾಮಾನ್ಯವಾದ ಅಪಘಾತಕ್ಕೆ ಎದೆಯೊಡ್ಡಿದಂತೆ. ಹೀಗೆ ಕಾರಿನೊಳಗೆ ಸುರಕ್ಷತೆಯು ಒಂದು ಕಡೆಗೆ, ಸಾಮೀಪ್ಯವು ಇನ್ನೊಂದು ಕಡೆಗೆ ಎಳೆಯುತ್ತವೆ. ಬೀಗವು ಆಯುಧವನ್ನು ಮಗುವಿನಿಂದ ದೂರವಿಡುತ್ತದೆ. ಅದೇ ಬೀಗ ಯಜಮಾನನಿಂದಲೂ ದೂರವಿಡುತ್ತದೆ. ಇವೆರಡರ ನಡುವಣ ಅಂತರವನ್ನು ತುಂಬಬಲ್ಲದ್ದು ಒಂದೇ: ಒಯ್ಯುವವನ ಎಚ್ಚರ.

ಆ ಎಚ್ಚರ ಒಂದು ಭಾನುವಾರ ತಪ್ಪಿತು. ಸೆಖೆಯ ಮಧ್ಯಾಹ್ನ, ಸೊಂಟದ ಭಾರ ಸಾಕಾಗಿ ಅವರು ಒರೆಯನ್ನು ಬಿಚ್ಚಿ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿಟ್ಟು ಮಂಡಿಯೊಳಗೆ ಹೋದರು. ಹಿಂದಿನ ಆಸನದಲ್ಲಿ ಮಲಗಿದ್ದ ಆರು ವರ್ಷದ ಮೊಮ್ಮಗ ಎಚ್ಚತ್ತು, ತಾತ ಎಂದಿನಂತೆ ಕಡಲೆಮಿಠಾಯಿ ಇಟ್ಟಿರುವರೆಂದು ಪೆಟ್ಟಿಗೆ ತೆರೆದ. ಅವರು ಮರಳಿದಾಗ ಮಗು ಒರೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಗುಂಡಿಯನ್ನು ಬಿಚ್ಚಲು ಹೆಣಗುತ್ತಿತ್ತು. “ತಾತ, ಇದು ತೆಗೆಯೋಕೇ ಬರ್ತಿಲ್ಲ” ಎಂದಿತು. ಅವರು ಏನೂ ಮಾತನಾಡದೆ ಅದನ್ನು ಮೆಲ್ಲನೆ ತೆಗೆದುಕೊಂಡರು. ಆ ದಿನ ಅವರು ಊಟ ಮಾಡಲಿಲ್ಲ. ಕಾರಣವನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಏನೂ ಆಗಲಿಲ್ಲವಲ್ಲ ಎಂದು ಲೌಕಿಕರು ಹೇಳಬಹುದು. ಜಿನಶಾಸ್ತ್ರವು ಹಾಗೆ ಹೇಳುವುದಿಲ್ಲ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಮುನ್ನ ಪ್ರಮಾದವನ್ನು ಇರಿಸುತ್ತದೆ. ಅಮೃತಚಂದ್ರ ಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಅದನ್ನು ಇನ್ನೂ ವಿಶದಪಡಿಸುತ್ತದೆ: ಪ್ರಮಾದದಿಂದ ನಡೆದುಕೊಂಡವನಿಗೆ ಜೀವವು ಸಾಯಲಿ ಬಿಡಲಿ ಹಿಂಸೆಯ ದೋಷ ತಗಲುತ್ತದೆ, ಎಚ್ಚರದಿಂದ ನಡೆದವನಿಗೆ ಅಕಸ್ಮಾತ್ತಾಗಿ ಜೀವಹಾನಿಯಾದರೂ ಆ ದೋಷವಿಲ್ಲ. ಈ ಮಾತಿನಂತೆ ನೋಡಿದರೆ ಆ ಭಾನುವಾರ ಮಂಡಿಯ ಮುಂದೆ ಹಿಂಸೆ ನಡೆದುಹೋಗಿತ್ತು. ರಕ್ತವೊಂದು ಕಂಡಿರಲಿಲ್ಲ, ಅಷ್ಟೆ. ವಿರೋಧೀ ಹಿಂಸೆಗೆ ಗೃಹಸ್ಥನಿಗಿರುವ ಅವಕಾಶ ಅಲ್ಲಿ ಅವರ ನೆರವಿಗೆ ಬರುವಂತಿರಲಿಲ್ಲ. ಎದುರಿಗಿದ್ದವನು ವಿರೋಧಿಯಲ್ಲ, ಮೊಮ್ಮಗ.

2023ರ ಜನವರಿಯಲ್ಲಿ ಕುಟುಂಬವು ಶ್ರವಣಬೆಳಗೊಳದ ದರ್ಶನಕ್ಕೆ ಹೊರಟಿತು. ದಾರಿಯಲ್ಲಿ ಬೆಂಗಳೂರಿನಲ್ಲಿ ವಸೂಲಾಗಬೇಕಾದ ಹಣವಿದ್ದುದರಿಂದ ರಿವಾಲ್ವರೂ ಜೊತೆಗಿತ್ತು. ವಿಂಧ್ಯಗಿರಿಯ ಬುಡದಲ್ಲಿ ಕಾರು ನಿಲ್ಲಿಸಿದ ಮೇಲೆ ಸಮಸ್ಯೆ ಎದುರಾಯಿತು. ಆಯುಧವನ್ನು ಧರಿಸಿ ಭಗವಂತನ ಸನ್ನಿಧಿಗೆ ಹೋಗಲಾಗದು. ಬೇರೆಯವರ ಕೈಗೆ ಕೊಡಲೂ ಆಗದು. ಅದನ್ನು ಕಾನೂನೂ ಒಪ್ಪದು, ವ್ರತವೂ ಒಪ್ಪದು. ಅನರ್ಥದಂಡದ ಐದು ಬಗೆಗಳಲ್ಲಿ, ಪಾಪೋಪದೇಶ, ಅಪಧ್ಯಾನ, ದುಃಶ್ರುತಿ, ಪ್ರಮಾದಚರ್ಯೆಗಳ ಜೊತೆಗೆ, ಆಯುಧವನ್ನು ಪರರ ಕೈಗೀಯುವ ಹಿಂಸಾದಾನವನ್ನೂ ಹೇಳಿದೆ. ಕಡೆಗೆ ಗುಂಡುಗಳನ್ನು ತೆಗೆದು ಜೇಬಿನಲ್ಲಿಟ್ಟುಕೊಂಡು, ರಿವಾಲ್ವರನ್ನು ಕಾರಿನ ಹಿಂಭಾಗದಲ್ಲಿ ಬಟ್ಟೆಗಳ ಅಡಿಯಲ್ಲಿರಿಸಿ, ಬಾಗಿಲುಗಳನ್ನು ಮೂರು ಸಲ ಎಳೆದು ನೋಡಿ ಮೆಟ್ಟಿಲು ಹತ್ತತೊಡಗಿದರು.

ಆರುನೂರಕ್ಕೂ ಹೆಚ್ಚಿನ ಮೆಟ್ಟಿಲುಗಳು. ಪ್ರತಿ ವಿಶ್ರಾಂತಿಯಲ್ಲೂ ಅವರು ತಿರುಗಿ ನೋಡಿದ್ದು ಕೆಳಗೆ ನಿಂತ ಕಾರುಗಳ ಸಾಲನ್ನು. ಮಹಾಮೂರ್ತಿಯ ಪಾದಗಳ ಮುಂದೆ ಕೈಮುಗಿದು ನಿಂತಾಗಲೂ ಜೇಬಿನ ಆರು ಗುಂಡುಗಳು ತೊಡೆಗೆ ಒತ್ತುತ್ತಿದ್ದವು. ಯಾರಾದರೂ ಗಾಜು ಒಡೆದಿದ್ದರೆ? ಅದು ದುಷ್ಟರ ಕೈಸೇರಿದರೆ? ನಾಳೆ ಅದರಿಂದ ಯಾರದೋ ಪ್ರಾಣ ಹೋದರೆ? ಇಳಿದು ಬರುವಾಗ ಧರ್ಮಪತ್ನಿಯವರು ನಿಧಾನವಾಗಿ ಹೇಳಿದರು: “ನೀವು ಸ್ವಾಮಿಯ ಮುಂದೆ ಕಣ್ಣು ಮುಚ್ಚಿ ನಿಂತಿದ್ರಿ. ಆದರೆ ನಿಮ್ಮ ಮನಸ್ಸು ಕಾರಿನಲ್ಲಿತ್ತು. ಅದು ನಮ್ಮನ್ನು ಕಾಯುತ್ತೆ ಅಂತ ತಂದಿರಿ. ಈಗ ನೀವೇ ಅದನ್ನು ಕಾಯ್ತಾ ಇದ್ದೀರಿ.”

ಆ ಮಾತು ಅವರ ಎದೆಗೆ ನಾಟಿತು. ರೌದ್ರಧ್ಯಾನದ ನಾಲ್ಕು ಬಗೆಗಳಲ್ಲಿ ಹಿಂಸೆ, ಅಸತ್ಯ, ಚೌರ್ಯಗಳ ಜೊತೆಯಲ್ಲಿಯೇ ಸ್ವತ್ತಿನ ಸಂರಕ್ಷಣೆಯ ಚಿಂತೆಯನ್ನೂ ಎಣಿಸಿರುವುದು ಏಕೆಂಬುದು ಅವರಿಗೆ ಅಂದು ಮನವರಿಕೆಯಾಯಿತು. ಅದಕ್ಕಿಂತ ಮಿಗಿಲಾಗಿ, ತಾವು ಯಾರ ಎದುರಿಗೆ ನಿಂತು ಬಂದೆವೆಂಬುದೂ ನೆನಪಾಯಿತು. ಭರತ ಬಾಹುಬಲಿಯರು ಸೈನ್ಯಗಳ ರಕ್ತಪಾತವನ್ನು ತಪ್ಪಿಸಲು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಗೆ ಒಪ್ಪಿದವರು. ಮೂರರಲ್ಲೂ ಆಯುಧವಿಲ್ಲ. ಭರತನೂ ಮನಃಪೂರ್ವಕವಾಗಿಯೇ ಒಪ್ಪಿದ್ದ. ಆದರೆ ಮೂರರಲ್ಲೂ ಸೋತ ಗಳಿಗೆಯಲ್ಲಿ ಅವನಿಗೆ ನೆನಪಾದದ್ದು ಕೈಗೆಟುಕುವಂತಿದ್ದ ಚಕ್ರರತ್ನ. ತಮ್ಮನ ಮೇಲೆ ಅದನ್ನು ಪ್ರಯೋಗಿಸಬೇಕೆಂಬ ಯೋಚನೆ ಯುದ್ಧಕ್ಕೆ ಮುಂಚೆ ಅವನಿಗಿರಲಿಲ್ಲ. ಚಕ್ರವು ಬಾಹುಬಲಿಯನ್ನು ಪ್ರದಕ್ಷಿಣೆ ಮಾಡಿ ನಿಂತಿತೆಂಬುದು ಬಾಹುಬಲಿಯ ಹಿರಿಮೆ. ಆದರೆ ಅದು ಭರತನ ಕೈಯಿಂದ ಹೊರಟಿತೆಂಬುದನ್ನು ಮರೆಯಲಾಗದು. ಷಟ್‌ಖಂಡಗಳನ್ನು ಗೆದ್ದವನ ಮನಸ್ಸೇ ಅವಮಾನದ ಒಂದು ಗಳಿಗೆಯಲ್ಲಿ ಹತ್ತಿರವಿದ್ದ ಆಯುಧದ ಕಡೆಗೆ ಹರಿಯಿತು. ರಸ್ತೆಯಲ್ಲಿ ಕಾರಿಗೆ ಕಾರು ತಾಗಿ ಮಾತಿಗೆ ಮಾತು ಬೆಳೆದಾಗ, ಸೊಂಟದಲ್ಲಿ ರಿವಾಲ್ವರಿರುವ ಸಾಮಾನ್ಯನ ಮನಸ್ಸು ಎತ್ತ ಹರಿದೀತು?

ಆ ವರ್ಷದ ಮಾರ್ಚ್ 29ರಂದು ವಿಧಾನಸಭಾ ಚುನಾವಣೆಯ ಘೋಷಣೆಯಾಯಿತು. ಚುನಾವಣೆಯ ಕಾಲದಲ್ಲಿ ಪರವಾನಗಿಯ ಆಯುಧಗಳನ್ನು ಪೊಲೀಸು ಠಾಣೆಯಲ್ಲಿ ಠೇವಣಿಯಿಡುವ ಪದ್ಧತಿಯಂತೆ ಅವರೂ ಇಟ್ಟು ರಸೀತಿ ಪಡೆದರು. ಮಾವಿನ ವ್ಯಾಪಾರ ಮಾತ್ರ ನಿಲ್ಲುವಂತಿರಲಿಲ್ಲ. ಆಯುಧವಿಲ್ಲದ ಆ ದಿನಗಳಲ್ಲಿ ಅವರು ತಮಗರಿವಿಲ್ಲದೆಯೇ ನಡೆವಳಿಯನ್ನು ಬದಲಿಸಿಕೊಂಡರು. ರೈತರಿಗೆ ಕೊಡಬೇಕಾದ ದೊಡ್ಡ ಮೊತ್ತಗಳನ್ನು ಬ್ಯಾಂಕಿನ ಮೂಲಕವೇ ಕಳುಹಿಸಿದರು. ನಗದು ಒಯ್ಯಲೇಬೇಕಾದಾಗ ಹಗಲಿನಲ್ಲಿ, ಒಬ್ಬರನ್ನು ಜೊತೆಗೆ ಕರೆದುಕೊಂಡು, ದಿನಕ್ಕೊಂದು ಹೊತ್ತಿನಲ್ಲಿ ಹೋದರು. ರಾತ್ರಿಯ ಲೆಕ್ಕವನ್ನು ಬೆಳಗಿಗೆ ಮುಂದೂಡಿದರು. ಎರಡು ತಿಂಗಳ ಬಳಿಕ ನೋಡಿದರೆ ರಿವಾಲ್ವರಿದ್ದಾಗ ಒಯ್ಯುತ್ತಿದ್ದ ಹಣದ ಕಾಲುಭಾಗವನ್ನೂ ಅವರು ಕಾರಿನಲ್ಲಿ ಒಯ್ದಿರಲಿಲ್ಲ. ಆಯುಧವಿದೆಯೆಂಬ ಧೈರ್ಯವೇ ಅಷ್ಟು ಹಣವನ್ನು ಅಷ್ಟು ಹೊತ್ತಿನಲ್ಲಿ ಒಯ್ಯುವಂತೆ ಮಾಡುತ್ತಿತ್ತು.

ಚುನಾವಣೆ ಮುಗಿದು ಆಯುಧ ಮರಳಿ ಬಂತು. ಅದನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಏನು ಮಾಡುವುದೆಂದು ಯೋಚಿಸುತ್ತಿರುವಾಗಲೇ ಜುಲೈ ಬಂತು. ಆ ತಿಂಗಳು ಟೊಮೆಟೊ ಬೆಲೆ ಆಕಾಶಕ್ಕೇರಿ, ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ತೂಗುವ ಪೆಟ್ಟಿಗೆಗೆ ಎರಡು ಸಾವಿರ ರೂಪಾಯಿ ದಾಟಿತು. ಕೋಲಾರದ ಮಾರುಕಟ್ಟೆಗೆ ಹೊರಟಿದ್ದ ಟೊಮೆಟೊ ತುಂಬಿದ ವಾಹನವೊಂದನ್ನು ಬೆಂಗಳೂರಿನ ಹತ್ತಿರ ದುಷ್ಕರ್ಮಿಗಳು ಬೆದರಿಸಿ ಅಪಹರಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಗಡಿಯಾಚೆಯ ಮದನಪಲ್ಲಿಯ ಕಡೆಯಿಂದ ಟೊಮೆಟೊ ಬೆಳೆಗಾರರೊಬ್ಬರ ಕೊಲೆಯ ಸುದ್ದಿಯೂ ಬಂತು. ಮಗ ಹೇಳಿದ: “ಅಪ್ಪಾಜಿ, ಈಗಲಾದರೂ ಅದನ್ನು ಕಾರಿನಲ್ಲಿ ಇಟ್ಕೊಳ್ಳಿ. ನಿಮಗೆ ಬೇಡವಾದರೆ ನನ್ನ ಕೈಗೆ ಕೊಡಿ, ನಾನು ಒಯ್ತೀನಿ.”

ಮಗನ ಭಯ ಸುಳ್ಳಾಗಿರಲಿಲ್ಲ. ತಂದೆ ಅದನ್ನು ಅಲ್ಲಗಳೆಯಲೂ ಇಲ್ಲ. ಅವರು ಅವನನ್ನು ಕೂರಿಸಿಕೊಂಡು ಒಂದೊಂದನ್ನೇ ಲೆಕ್ಕ ಹಾಕಿದರು. ಪರವಾನಗಿ ಇರುವುದು ತಮ್ಮ ಹೆಸರಿನಲ್ಲಿ. ಮಗನ ಕೈಗೆ ಕೊಟ್ಟರೆ ಇಬ್ಬರೂ ಅಪರಾಧಿಗಳು. ಅದು ಸಲ್ಲುವುದು ಕರ್ನಾಟಕದೊಳಗೆ ಮಾತ್ರ. ಮದನಪಲ್ಲಿಯ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಗಡಿ ದಾಟಿದೊಡನೆ ಅದೇ ಆಯುಧವು ಅಪರಾಧವಾಗುತ್ತದೆ. ಅಡ್ಡಗಟ್ಟುವವರು ಮೂರು ನಾಲ್ಕು ಮಂದಿ ಒಟ್ಟಾಗಿ, ತಾವು ಆರಿಸಿದ ಜಾಗದಲ್ಲಿ, ಸಿದ್ಧರಾಗಿ ಬರುತ್ತಾರೆ. ಕಾರಿನಲ್ಲಿರುವವನು ಬೆಲ್ಟಿನಲ್ಲಿ ಬಿಗಿದುಕೊಂಡು ಕುಳಿತಿರುತ್ತಾನೆ. ಭಾರತೀಯ ನ್ಯಾಯ ಸಂಹಿತೆಯು ಬರುವ ಮುಂಚಿನ ದಂಡಸಂಹಿತೆಯಲ್ಲೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಈ ಸಂಹಿತೆಯಲ್ಲೂ ಆತ್ಮರಕ್ಷಣೆಯ ಹಕ್ಕಿಗೆ ಒಂದೇ ಮೇರೆ ಹಾಕಿದೆ: ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು. ಕತ್ತಲೆಯಲ್ಲಿ, ಹೆದರಿದ ಕೈಗೆ, ಆ ಅಳತೆ ತಿಳಿದೀತೆ?

ಕೊನೆಯಲ್ಲಿ ಅವರು ಹೇಳಿದ್ದು ಗುಣಸ್ಥಾನಗಳ ಮಾತು. ಮಹಾವ್ರತಿಗಳಾದ ಮುನಿಗಳ ಆರನೆಯ ಗುಣಸ್ಥಾನಕ್ಕೇ ‘ಪ್ರಮತ್ತ’ವೆಂದು ಹೆಸರು. ಅಪ್ರಮತ್ತರಾಗುವುದು ಏಳನೆಯದರಲ್ಲಿ, ಅಲ್ಲಿಯೂ ಬಹಳ ಹೊತ್ತು ನಿಲ್ಲಲಾಗದೆ ಮತ್ತೆ ಆರಕ್ಕೆ ಇಳಿಯುತ್ತಾರೆ. ಅಣುವ್ರತಗಳ ಶ್ರಾವಕನ ನೆಲೆ ಐದನೆಯದು. “ಗುಂಡು ತುಂಬಿದ ಆಯುಧವನ್ನು ಕಾರಿನಲ್ಲಿಟ್ಟುಕೊಳ್ಳೋನಿಗೆ ಒಂದು ಕ್ಷಣವೂ ಮರೆವು ಬರಬಾರದು. ಮುನಿಗಳಿಗೇ ಎಡೆಬಿಡದೆ ನಿಲ್ಲದ ಎಚ್ಚರವನ್ನು ನಾನು ಹೊತ್ತೇನೆ ಅಂತ ಹೊರಟಿದ್ದೆ. ಮಗು ಕಡಲೆಮಿಠಾಯಿ ಹುಡುಕಿದ ದಿನ ನನ್ನ ಅಳತೆ ನನಗೆ ತಿಳೀತು.” ಆ ಭಾನುವಾರದ ಸಂಗತಿಯನ್ನು ಮನೆಯವರು ಕೇಳಿದ್ದು ಅಂದೇ. ಮಗ ಮತ್ತೆ ವಾದಿಸಲಿಲ್ಲ. ಸೊಸೆ ಎದ್ದು ಒಳಗೆ ಹೋಗಿ ಮಲಗಿದ್ದ ಮಗುವಿನ ಪಕ್ಕದಲ್ಲಿ ಕುಳಿತಳು.

ಮುಂದಿನ ವಾರ ಅವರು ರಿವಾಲ್ವರನ್ನು ಪರವಾನಗಿ ಪಡೆದ ಶಸ್ತ್ರವ್ಯಾಪಾರಿಯಲ್ಲಿ ನಿಯಮದಂತೆ ಠೇವಣಿಯಿಟ್ಟು ರಸೀತಿ ತಂದರು. ಬೇರೆ ದಾರಿ ಹಿಡಿಯುವವರನ್ನು ಅವರು ಎಂದೂ ಹಳಿದಿಲ್ಲ. ನಿಜವಾದ ಅಪಾಯವಿದ್ದು, ತರಬೇತಿ ಪಡೆದು, ಕಾನೂನಿಗೆ ಒಳಪಟ್ಟು ಆಯುಧವಿಟ್ಟುಕೊಂಡ ಪರಿಚಿತರು ಕೇಳಿದರೆ ತಾವು ಕಲಿತುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮೈಮೇಲಿರಲಿ ಅಥವಾ ಮನೆಯ ಬೀಗದೊಳಗಿರಲಿ, ಮೂರನೆಯ ಜಾಗ ಬೇಡ. ಆಸನದ ಕೆಳಗೆ, ಬಾಗಿಲ ಜೇಬಿನಲ್ಲಿ, ಡ್ಯಾಶ್‌ಬೋರ್ಡಿನಲ್ಲಿ ಎಂದೂ ಇಡಬೇಡಿ. ನಿಂತ ಕಾರಿನಲ್ಲಿ ಬಿಟ್ಟುಹೋಗಬೇಡಿ. ಬಿಡಲೇಬೇಕಾದ ಅನಿವಾರ್ಯ ಬಂದರೆ ಗುಂಡು ತೆಗೆದು, ವಾಹನದ ಚೌಕಟ್ಟಿಗೆ ಬಿಗಿದ ಬೀಗದ ಉಕ್ಕಿನ ಪೆಟ್ಟಿಗೆಯಲ್ಲಿಡಿ. ಮಕ್ಕಳು ಜೊತೆಗಿರುವ ದಿನ ಒಯ್ಯಲೇಬೇಡಿ. ಕಳೆದುಹೋದರೆ ಆ ಕ್ಷಣವೇ ಹತ್ತಿರದ ಠಾಣೆಗೆ ತಿಳಿಸಿ. ಕೋಪ ಬಂದ ದಿನ ಅದನ್ನು ಮುಟ್ಟಬೇಡಿ.

ಬಸದಿಗಳ ಟ್ರಸ್ಟುಗಳೂ ಇದರಿಂದ ಗ್ರಹಿಸಬೇಕಾದುದುಂಟು. ದರ್ಶನಕ್ಕೆ ಬರುವವರ ಆಯುಧವನ್ನು ಕಚೇರಿಯ ಬೀರುವಿನಲ್ಲಿ ಇರಿಸಿಕೊಳ್ಳುವುದು ಉಪಕಾರವೆನಿಸಿದರೂ ಸರಿಯಲ್ಲ. ಪರವಾನಗಿ ಇಲ್ಲದವರ ವಶಕ್ಕೆ ಅದು ಬರಬಾರದು. ಆಯುಧವನ್ನು ಮನೆಯಲ್ಲಿಯೇ ಭದ್ರಪಡಿಸಿ ಬರಬೇಕೆಂದು ಯಾತ್ರಿಕರಿಗೆ ಮುಂಚಿತವಾಗಿ ತಿಳಿಸುವುದೇ ಮೇಲು. ಪಂಚಲೋಹದ ಮೂರ್ತಿಗಳ ರಕ್ಷಣೆಗೆ ಬಂದೂಕುಧಾರಿ ಕಾವಲುಗಾರರನ್ನು ನೇಮಿಸಿಕೊಂಡ ಕಡೆಗಳಲ್ಲಿ, ಆ ಬಂದೂಕು ರಾತ್ರಿ ಎಲ್ಲಿರುತ್ತದೆ, ಬೀಗದ ಕೈ ಯಾರಲ್ಲಿರುತ್ತದೆ, ಕಾವಲುಗಾರನಿಗೆ ತರಬೇತಿಯಾಗಿದೆಯೇ ಎಂಬುದನ್ನು ಧರ್ಮದರ್ಶಿಗಳು ವರ್ಷಕ್ಕೊಮ್ಮೆಯಾದರೂ ವಿಚಾರಿಸಬೇಕು. ಕಾವಲುಗಾರನ ಪ್ರಮಾದದಲ್ಲಿ ನೇಮಿಸಿದವರಿಗೂ ಪಾಲಿದೆ.

ಗೌನಿಪಲ್ಲಿಯ ಆ ಶ್ರಾವಕರು ಈಗಲೂ ವ್ಯಾಪಾರ ನಡೆಸುತ್ತಿದ್ದಾರೆ. ರಸ್ತೆಯ ಭಯ ಅವರನ್ನು ಪೂರ್ಣವಾಗಿ ಬಿಟ್ಟಿಲ್ಲ; ಹಿಂದಿನಿಂದ ಮೋಟಾರು ಸೈಕಲ್ಲಿನ ದೀಪ ಕಂಡರೆ ಇಂದಿಗೂ ಕಣ್ಣು ಕನ್ನಡಿಯ ಕಡೆಗೆ ಹೋಗುತ್ತದೆ. ಆದರೆ ಕತ್ತಲಾಗುವ ಮುನ್ನ ಮನೆ ಸೇರುತ್ತಾರೆ, ಮಾವಿನ ಕಾಲದಲ್ಲೂ ಅನಸ್ತಮಿತ ಊಟ ತಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನ ಪೆಟ್ಟಿಗೆಗೆ ಬೀಗವಿಲ್ಲ. ಅದರಲ್ಲಿ ಕಾರಿನ ಕಾಗದಪತ್ರಗಳೂ ಮೊಮ್ಮಗನ ಕಡಲೆಮಿಠಾಯಿಯೂ ಇರುತ್ತವೆ.